ಬಟ್ಟೆ ಒಗೆದವರು

ನನ್ನ ಹೆಂಡತಿ ಕಾರ್ಖಾನೆಯೊಳಗೆ ಒಂದು ದಿನವೂ ಕಾಲಿಟ್ಟವಳಲ್ಲ. ಆದರೂ ಕಳೆದ ವರ್ಷ ಕಾರ್ಖಾನೆಯ ಧೂಳೇ ಅವಳನ್ನು ಕೊಂಡೊಯ್ದಿತು. ನಾವು ಅಲ್ಲಿ ಛಾವಣಿಯ ಆಸ್ಬೆಸ್ಟಾಸ್ ಶೀಟು ಮಾಡುತ್ತಿದ್ದೆವು. ಸಂಜೆ ಮನೆಗೆ ಬಂದರೆ ಅಂಗಿಯಿಂದ ಬಿಳಿ ಹುಡಿ ಉದುರುತ್ತಿತ್ತು. ಅವಳೂ ಅವಳ ತಂಗಿಯೂ ಹಿತ್ತಿಲಲ್ಲಿ ಅಂಗಿಯ ತುದಿಗಳನ್ನು ಆಚೆ ಈಚೆ ಹಿಡಿದು ಪಟಪಟನೆ ಕೊಡವಿ, ಆಮೇಲೆ ನೆನೆಹಾಕುತ್ತಿದ್ದರು. ಧೂಳಿನಲ್ಲಿ ದುಡಿದ ನನ್ನನ್ನು ದೇವರು ಉಳಿಸಿದ; ಧೂಳು ಕೊಡವಿದವಳನ್ನು ಕರೆಸಿಕೊಂಡ. ಯಾಕೆಂದು ಕೇಳುವುದನ್ನು ಬಿಟ್ಟಿದ್ದೇನೆ. ಪ್ರಾರ್ಥನೆಯನ್ನು ಬಿಟ್ಟಿಲ್ಲ.

ನಾದಿನಿ ಮದುವೆಯಾಗದೆ ನಮ್ಮ ಮನೆಯಲ್ಲೇ ಉಳಿದವಳು. ಈಚೆಗೆ ಅವಳಿಗೂ ಕೆಮ್ಮು ಹಿಡಿಯಿತು. ಮೆಟ್ಟಿಲು ಹತ್ತುವಾಗ ನಡುವೆ ನಿಂತು, ಗೋಡೆಯ ಬಣ್ಣ ನೋಡುವವಳಂತೆ ನಟಿಸುತ್ತಿದ್ದಳು. ಅವಳ ಅಕ್ಕನೂ ಮೊದಮೊದಲು ಹಾಗೆಯೇ ನಟಿಸಿದ್ದಳು.

ಕೆಲಸಗಾರರೆಲ್ಲರ ಪರವಾಗಿ ಒಟ್ಟಾಗಿ ಹೂಡಿದ್ದ ದಾವೆ ಕೊನೆಗೆ ರಾಜಿಗೆ ಬಂದಿತ್ತು. ಅಲ್ಲಿ ದುಡಿದವರಿಗೆಲ್ಲ ಅವರು ಬದುಕಿರುವಷ್ಟು ಕಾಲ ಕಂಪನಿಯು ಶ್ವಾಸಕೋಶದ ಪರೀಕ್ಷೆ, ಚಿಕಿತ್ಸೆ ಕೊಡಿಸಬೇಕು. ಎರಡೂ ಕಡೆಯ ವಕೀಲರು ಸಹಿ ಹಾಕಿಯಾಗಿತ್ತು. ನ್ಯಾಯಾಧೀಶರು ಒಪ್ಪಿದರೆ ಮುಗಿಯಿತು. ಒಪ್ಪುವ ಮೊದಲು, ಯಾರದಾದರೂ ಆಕ್ಷೇಪವಿದೆಯೇ ಎಂದು ಅವರು ಕೇಳುತ್ತಾರಂತೆ. ಬಟ್ಟೆ ಒಗೆದವರ ಮಾತು ಆ ರಾಜಿಯಲ್ಲಿ ಎಲ್ಲೂ ಇರಲಿಲ್ಲ. ಅಂಥ ಚಿಕಿತ್ಸೆ ನಮ್ಮ ಕೈಗೆ ಎಟುಕುವಂಥದೂ ಅಲ್ಲ. ಎದ್ದು ನಿಲ್ಲುವುದೆಂದು ತೀರ್ಮಾನಿಸಿದೆ.

ಕೋರ್ಟಿನ ಹೊರಗಿನ ಬೆಂಚಿನಲ್ಲಿ ಗುಡುಗಣ್ಣ ನನ್ನ ಮೇಲೆ ಹರಿಹಾಯ್ದ. ಯಂತ್ರದ ಪಕ್ಕದಲ್ಲಿ ಬಹುಕಾಲ ನನ್ನ ಜೊತೆ ನಿಂತವನು. ದನಿಯಿಂದ ಆ ಹೆಸರು ಬಂದಿತ್ತು.

“ನೀನು ಆಕ್ಷೇಪ ಅಂದ್ರೆ ರಾಜಿ ಮುರಿದು ಬೀಳುತ್ತೆ ಕಣೋ. ಮತ್ತೆ ವರ್ಷಗಟ್ಟಲೆ ಅಲೀಬೇಕು. ಅಷ್ಟರಲ್ಲಿ ನಮ್ಮಲ್ಲಿ ಎಷ್ಟು ಜನ ಉಳಿದಿರ್ತೀವಿ?”

“ನಿಮ್ಮ ಗಂಟಲು ಕೇಳಿದ್ರೆ ನಮ್ಮನ್ನೆಲ್ಲ ಕಳಿಸಿಕೊಟ್ಟೇ ನೀವು ಹೋಗೋದು, ಗುಡುಗಣ್ಣ,” ಎಂದಳು ನಾದಿನಿ.

“ಸುಮ್ನಿರಮ್ಮಾ, ತಮಾಷೆ ಅಲ್ಲ ಇದು.”

ಅವಳು ನನ್ನ ಕಡೆ ತಿರುಗಿ ದನಿ ತಗ್ಗಿಸಿದಳು. “ಭಾವ, ಅವರು ಹೇಳೋದೂ ಸರಿ ಅಲ್ವಾ? ನನಗೋಸ್ಕರ ಬೇಡ. ಬನ್ನಿ, ಮನೆಗೆ ಹೋಗೋಣ.”

ನಾನು ಕಣ್ಣು ಮುಚ್ಚಿದೆ. ದೇವರೇ, ನನ್ನ ಮಾತಿನಿಂದ ಯಾರಿಗೂ ಕೇಡಾಗದಿರಲಿ, ಆದರೆ ನನ್ನ ಬಾಯಿ ಕಟ್ಟದಿರಲಿ ಎಂದು ಬೇಡಿಕೊಂಡು ಒಳಗೆ ಹೋದೆ.

ನ್ಯಾಯಾಧೀಶರು ಆಕ್ಷೇಪದ ಮಾತೆತ್ತಿದಾಗ ಎದ್ದೆ. ಸಜ್ಜುಮಾಡಿಕೊಂಡ ಮಾತೆಲ್ಲ ಹಾರಿಹೋಯಿತು.

“ನನ್ನ ಅಂಗಿ ನಾನು ಒಗೆದವನಲ್ಲ, ಸ್ವಾಮಿ. ಒಗೆದವಳು ಹೋದಳು. ಅವಳ ಜೊತೆ ಒಗೆದವಳು ಇಲ್ಲೇ ಕೆಮ್ತಾ ಕೂತಿದ್ದಾಳೆ. ಈ ರಾಜಿಯಲ್ಲಿ ಅವಳಿಗೆ ಜಾಗ ಇಲ್ಲ.”

ಮನೆಯವರು ಕಂಪನಿಯ ನೌಕರರಲ್ಲವೆಂದು ಕಂಪನಿಯ ವಕೀಲರು ಹೇಳಿದರು. ನ್ಯಾಯಾಧೀಶರು ಕನ್ನಡಕ ತೆಗೆದು, ಕಿಕ್ಕಿರಿದು ಕುಳಿತಿದ್ದ ಮುದುಕರನ್ನೆಲ್ಲ ನೋಡಿದರು.

“ಕಾರ್ಖಾನೆಯ ಬಟ್ಟೆಯನ್ನ ತಾವೇ ಒಗೆದುಕೊಂಡವರು ಯಾರಾದರೂ ಇದ್ದರೆ ಕೈ ಎತ್ತಿ.”

ಯಾರೂ ಎತ್ತಲಿಲ್ಲ. ಕೆಲವರು ಚಪ್ಪಲಿ ನೋಡಿಕೊಂಡರು. ಕೊನೆಗೆ ಹಿಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು.

“ನಾನು ಒಗ್ಕೊಂಡಿದ್ದೀನಿ, ಸ್ವಾಮಿ. ನಂಗ್ಯಾರೂ ಹೆಣ್ಣು ಕೊಡ್ಲಿಲ್ಲ.”

ಕೋರ್ಟು ಕೋರ್ಟೇ ನಕ್ಕಿತು. ನಗು ಇಳಿದಾಗ ಗುಡುಗಣ್ಣ ಎದ್ದು ನಿಂತಿದ್ದ. “ನಮ್ಮನೇಲಿ ಅವಳೇ ಒಗೀತಿದ್ದಿದ್ದು, ಸ್ವಾಮಿ,” ಎಂದ. ಅವನ ದನಿ ಅಷ್ಟು ಸಣ್ಣದಾಗಬಲ್ಲದೆಂದು ನನಗೆ ಗೊತ್ತಿರಲಿಲ್ಲ.

ನ್ಯಾಯಾಧೀಶರು ಹೇಳಿದರು: “ಇದಕ್ಕೆ ನಾನಾಗಿ ಒಂದು ಪದ ಸೇರಿಸೋ ಹಾಗಿಲ್ಲ. ಹೂಂ ಅನ್ನಬಹುದು, ಇಲ್ಲ ಅನ್ನಬಹುದು. ಈಗ ಇರೋ ಹಾಗೆ ಹೂಂ ಅನ್ನೋದು ಕಷ್ಟ. ಊಟದ ಹೊತ್ತಿನಲ್ಲಿ ಎರಡೂ ಕಡೆಯವರು ಮಾತಾಡಿಕೊಂಡು ಬನ್ನಿ.”

ಮಧ್ಯಾಹ್ನ ಕಂಪನಿಯ ವಕೀಲರು ಹೊಸ ಸಾಲನ್ನು ಓದಿದರು: ಕಾರ್ಮಿಕರು ಮತ್ತು ಅವರ ಹೆಂಡತಿಯರು. ಗುಡುಗಣ್ಣ ನನ್ನ ಬೆನ್ನು ತಟ್ಟಿದ. ನನ್ನ ಹೆಂಡತಿಗೆ ಇನ್ನು ಯಾವ ಪರೀಕ್ಷೆ? ನಾನು ಏಳುವ ಮೊದಲೇ ನಾದಿನಿ ಮುಂದಿನ ಬೆಂಚು ಹಿಡಿದು ಎದ್ದಳು.

“ನಾನು ಇವರ ಹೆಂಡತಿ ಅಲ್ಲ, ಸ್ವಾಮಿ, ಹೆಂಡತಿ ತಂಗಿ. ಅಂಗಿಯ ಒಂದು ತುದಿ ಅಕ್ಕ ಹಿಡೀತಿದ್ಳು, ಇನ್ನೊಂದು ನಾನು. ಯಾರು ಯಾರಿಗೆ ಏನಾಗ್ಬೇಕು ಅಂತ ಧೂಳು ಕೇಳ್ಲಿಲ್ಲ.”

ಕಂಪನಿಯ ವಕೀಲರು ಅನುಮತಿ ಕೇಳಿ ಹೊರಗೆ ಹೋಗಿ ಫೋನು ಮಾಡಿ ಬಂದರು. ನಮ್ಮ ವಕೀಲರ ಜೊತೆ ತಲೆಗೆ ತಲೆ ಹಚ್ಚಿ ಕೂತು, ಒಂದು ಪದ ಹೊಡೆದುಹಾಕಿ, ಬರೆದು, ಓದಿದರು: ಕಾರ್ಮಿಕರು ಮತ್ತು ಅವರ ಮನೆಯಲ್ಲಿ ಆ ಬಟ್ಟೆ ಒಗೆದವರು.

“ಹೂಂ,” ಎಂದರು ನ್ಯಾಯಾಧೀಶರು.

ಮುಂದಿನ ತಿಂಗಳು ಆಸ್ಪತ್ರೆಯಲ್ಲಿ ಅವಳನ್ನು ಎಕ್ಸ್‌ರೇ ಕೋಣೆಗೆ ಕರೆದರು. ನಾನು ಬಾಗಿಲ ಹೊರಗೆ ಕುಳಿತೆ. “ಉಸಿರು ಎಳೆದು ಹಿಡ್ಕೊಳ್ಳಿ,” ಎಂದದ್ದು ಕೇಳಿಸಿತು. ನಾನೂ ಹಿಡಿದುಕೊಂಡೆ. “ಈಗ ಬಿಡಿ,” ಎಂದರು, ಬಿಟ್ಟೆ.

ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು, ಕಲೆ ಇದೆ, ಚಿಕ್ಕದು, ಹೊತ್ತಿಗೆ ಸರಿಯಾಗಿ ಬಂದಿದ್ದೀರಿ, ಹತೋಟಿಯಲ್ಲಿಡಬಹುದು ಎಂದರು. ಅವಳ ಅಕ್ಕನಿಗೆ ಈ ಮಾತನ್ನು ಯಾರೂ ಹೇಳಿರಲಿಲ್ಲ. ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಇಳಿಯುವಾಗ ಅವಳು ಮೆಟ್ಟಿಲ ನಡುವೆ ನಿಂತಳು.

“ಗೋಡೆ ಬಣ್ಣ ನೋಡ್ತಿದ್ದೀಯಾ?” ಎಂದೆ.

“ಇಲ್ಲ ಭಾವ. ಸುಸ್ತಾಗಿದೆ. ಕೈ ಕೊಡಿ.”

ಕೊಟ್ಟೆ.