ಜಾಕಿನ ಕೆಳಗೊಂದು ಹಲಗೆ

ಬೆಳಗಿನ ನಮಾಜು ಮುಗಿಸಿ ಏಳುವಷ್ಟರಲ್ಲಿ ಯುಸ್ನಿದಾರಳ ಫೋನು ಬಡಿದುಕೊಂಡಿತು. ಪಾಯಕುಂಬುವಿನ ತವರುಮನೆಯಿಂದ ತಮ್ಮ ಆಫ್ರಿಜಾಲ್.

"ಉನಿ, ಈಗಲೇ ಹೊರಡು. ಅಪಾ ರಾತ್ರಿಯಿಂದ ನಿನ್ನ ಹೆಸರು, ಫಿತ್ರಾ ಹೆಸರು ಬಿಟ್ಟು ಬೇರೆ ಮಾತಾಡ್ತಿಲ್ಲ."

ಅಕ್ಕನನ್ನು ಅವನು ಉನಿ ಎಂದು ಮೆಲ್ಲಗೆ ಕರೆದರೆ ಅಪ್ಪನಿಗೆ ಏನೋ ಕೆಟ್ಟದ್ದೇ ಆಗಿರಬೇಕು. ಯುಸ್ನಿದಾರ್ ಕಾರಿನ ಕೀಲಿ ಕೈಗೆತ್ತಿಕೊಂಡಳು. ಮಗಳು ಫಿತ್ರಾಳನ್ನು ಎಬ್ಬಿಸಿ, ಆರು ಗಂಟೆಗೆಲ್ಲ ಪೆಕನ್‌ಬಾರು ಬಿಟ್ಟಳು. ಹದಿನೇಳರ ಫಿತ್ರಾ ಹತ್ತು ವರ್ಷದವರೆಗೆ ಅಜ್ಜನ ಮಡಿಲಲ್ಲೇ ಬೆಳೆದವಳು. ದಾರಿಯುದ್ದಕ್ಕೂ ಕಿಟಕಿಗೆ ಹಣೆ ಒತ್ತಿಕೊಂಡು ಕುಳಿತಿದ್ದಳು.

ಒಂಬತ್ತು ತಿರುವುಗಳ ಘಟ್ಟ ಇಳಿದು ಕೊನೆಯ ತಿರುವಿಗೆ ಬಂದಾಗ ಕಾರಿನ ಹಿಂಬದಿ ಎಡಕ್ಕೆ ಕುಸಿದಂತಾಗಿ ಚಕ್ರ ದಡದಡ ಎಂದಿತು. ಯುಸ್ನಿದಾರ್ ಬ್ರೇಕಿನ ಮೇಲೆ ಕಾಲಿಡಲಿಲ್ಲ. ವೇಗ ತಾನಾಗಿ ಇಳಿಯಲು ಬಿಟ್ಟು, ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದಳು.

"ಪಂಕ್ಚರ್ ಅಮಾ, ನಿಲ್ಸು."

"ಇಲ್ಲಿ ಬೇಡ. ತಿರುವಲ್ಲಿ ನಿಂತ್ರೆ ಮೇಲಿಂದ ಬರೋ ಲಾರಿಗೆ ನಾವು ಕಾಣೋದೇ ಇಲ್ಲ."

"ಟೈರು ಹರಿದುಹೋಗುತ್ತೆ."

"ಹೋಗ್ಲಿ ಬಿಡು."

ಮಿಣುಕು ದೀಪ ಹಾಕಿಕೊಂಡು ಕುಂಟುತ್ತಾ ಮುನ್ನೂರು ಮಾರು ಹೋಗಿ, ರಸ್ತೆ ನೆಟ್ಟಗಿದ್ದ ಕಡೆ ಅಂಚಿಗೆ ಇಳಿಸಿದಳು. ಹ್ಯಾಂಡ್‌ಬ್ರೇಕ್ ಎಳೆದು ಗೇರು ಹಾಕಿದಳು. ಫಿತ್ರಾಳನ್ನೂ ಕೆಳಗಿಳಿಸಿ ರಸ್ತೆಯಿಂದ ದೂರ ನಿಲ್ಲಿಸಿದಳು. ಒಂದಷ್ಟು ಹಸಿರು ಕೊಂಬೆ ಮುರಿದು ಹಿಂದಿನಿಂದ ಬರುವವರಿಗೆ ಎಚ್ಚರಿಕೆಯಾಗಲೆಂದು ದೂರದಲ್ಲಿ ರಸ್ತೆಗೆ ಅಡ್ಡಲಾಗಿ ಹಾಕಿ ಬಂದಳು. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟಳು.

ಇದೆಲ್ಲ ಅಪ್ಪ ರಶೀದಿನ್ ಕಲಿಸಿದ್ದು. ಮೂವತ್ತು ವರ್ಷ ಹೆದ್ದಾರಿಯ ಪಕ್ಕ ಟೈರಿನ ಅಂಗಡಿ ನಡೆಸಿದವನು. ಅವನ ಜೊತೆಗಾರ ಬುರ್ಹಾನ್, ಜಾರಿದ ಜಾಕಿನಿಂದ ಬಿದ್ದ ಕಾರಿನಡಿ ಸಿಕ್ಕಿ ಸತ್ತ ದಿನ ರಶೀದಿನ್ ಊಟ ಮಾಡಿರಲಿಲ್ಲ. ಮಾರನೆಯ ದಿನ ಹದಿನಾಲ್ಕರ ಮಗಳನ್ನು ಕರೆದು ಟೈರು ಬದಲಿಸುವುದನ್ನು ಮೊದಲಿಂದ ಕಲಿಸಿದ್ದ. ಒಮ್ಮೆಯಲ್ಲ, ಇಪ್ಪತ್ತು ಸಲ.

ಫೋನು ಬಡಿಯಿತು. "ಎಲ್ಲಿದೀರ?" ಆಫ್ರಿಜಾಲನ ದನಿ ಒಡೆದಿತ್ತು.

"ಘಟ್ಟದ ಕೆಳಗೆ. ಟೈರು ಹೋಗಿದೆ. ಬದಲಿಸ್ತಾ ಇದೀನಿ."

"ಬೇಗ ಉನಿ. ಉಸಿರು ಎಳೀತಾ ಇದೆ."

ಚಕ್ರ ನೆಲದಲ್ಲಿರುವಾಗಲೇ ಬೋಲ್ಟುಗಳನ್ನು ಒಂದೊಂದು ಸುತ್ತು ಸಡಿಲಿಸಿ ಜಾಕು ಕೈಗೆತ್ತಿಕೊಂಡಳು. ಅಂಚಿನ ಮಣ್ಣು ಹಿಂದಿನ ದಿನದ ಮಳೆಗೆ ಮೆತ್ತಗಾಗಿತ್ತು.

"ಕೆಳಗಿಡೋಕೆ ಒಂದು ಹಲಗೆ ಬೇಕು. ಜೋಳ ಸುಡೋಳ ಅಂಗಡಿ ಅಲ್ಲಿದೆ, ಕೇಳ್ಕೊಂಡು ಬಾ."

"ಅಮಾ, ಆತುಕ್ ಅಲ್ಲಿ ಉಸಿರಿಗೆ ಒದ್ದಾಡ್ತಿದಾರೆ. ನೀನು ಕಲ್ಲು, ಕೊಂಬೆ, ಹಲಗೆ ಅಂತ. ಸಾಕು, ಎತ್ತು." ಅಜ್ಜನ ಹೆಸರೆತ್ತಿದ ಹುಡುಗಿ ಜಾಕನ್ನು ತಾನೇ ಕಸಿದುಕೊಳ್ಳಲು ಬಂದಳು.

ಯುಸ್ನಿದಾರ್ ಒಂದು ಗಳಿಗೆ ಮಗಳ ಮುಖ ನೋಡಿದಳು. ಜಾಕನ್ನು ಬರಿಮಣ್ಣಿಗೇ ಇಟ್ಟಳು. ಸ್ಟೆಪ್ನಿಯನ್ನು ಮಾತ್ರ ಅಭ್ಯಾಸಬಲದಿಂದ ಕಾರಿನ ಅಡಿಗೆ ಅಡ್ಡಡ್ಡ ತಳ್ಳಿದಳು.

ಕಾರು ಮೇಲೆದ್ದಿತು. ಬೋಲ್ಟು ಬಿಚ್ಚಿ ಹಳೆಯ ಚಕ್ರ ಎಳೆದು ಪಕ್ಕಕ್ಕಿಟ್ಟಳು. ಎರಡೂ ಕೈ ಒಳಗೆ ಹಾಕಿ, ಚಕ್ರ ಕೂರುವ ಬಿಲ್ಲೆಯ ಮಣ್ಣು ಒರೆಸುತ್ತಿದ್ದಾಗ ಜಾಕಿನ ಬುಡ ಮೆಲ್ಲಗೆ ಹೂತು ವಾಲಿತು. ಕಾರು ಅವಳತ್ತ ಜಾರಿ ಕುಸಿಯಿತು. ಅಡಿಯಲ್ಲಿದ್ದ ಸ್ಟೆಪ್ನಿಯ ಮೇಲೆ ಕೂತು, ಅಲ್ಲಿಗೇ ನಿಂತಿತು. ಬಿಲ್ಲೆ ನೆಲದಿಂದ ಒಂದು ಗೇಣು ಮೇಲಿತ್ತು. ಯುಸ್ನಿದಾರಳ ಕೈ ಅದರ ಕೆಳಗಿತ್ತು.

ಕೈ ಹಿಂದಕ್ಕೆ ಎಳೆದುಕೊಂಡು ನೋಡಿದಳು. ಗೀರು ಕೂಡ ಇರಲಿಲ್ಲ. ಫಿತ್ರಾ ಅಂಗಡಿಯ ಕಡೆ ಓಡಿದಳು. ಎದೆಗವಚಿಕೊಂಡು ಒಂದು ದಪ್ಪ ಹಲಗೆ ತಂದಳು.

ಮತ್ತೆ ಮೊದಲಿಂದ. ಹಲಗೆ ಇಟ್ಟು ಎತ್ತಿ, ಸ್ಟೆಪ್ನಿ ಹೊರಗೆಳೆದು ಆ ಜಾಗಕ್ಕೆ ಹಳೆಯ ಚಕ್ರ ತಳ್ಳಿ, ಸ್ಟೆಪ್ನಿ ಕೂರಿಸಿದರು. ಒಂದು ಬೋಲ್ಟಾದ ಮೇಲೆ ಅದರೆದುರಿನದು ಎನ್ನುವಂತೆ ತಿರುಗಿಸಿ, ಕಾರಿಳಿಸಿ, ನೆಲದ ಮೇಲೆ ಇನ್ನೊಮ್ಮೆ ಬಿಗಿ ಮಾಡಿದರು. ಫಿತ್ರಾ ಹೋಗಿ ಕೊಂಬೆಗಳನ್ನು ರಸ್ತೆಯಿಂದ ತೆಗೆದು ಬಂದಳು.

ಐವತ್ತು ನಿಮಿಷ ಆಗಿತ್ತು. ತಮ್ಮನ ಆ ಕರೆಯಾದ ಮೇಲೆ ಫೋನು ಮತ್ತೆ ಬಡಿದಿರಲಿಲ್ಲ. ಅದೇ ಯುಸ್ನಿದಾರಳಿಗೆ ಭಯ. ಸ್ಟೆಪ್ನಿ ಹಳೆಯದು, ಜೋರಾಗಿ ಓಡಿಸುವಂತಿರಲಿಲ್ಲ. ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಗದ್ದೆಗಳ ನಡುವೆ ಹೋಗುತ್ತಾ ಅವಳು ಒಮ್ಮೆಯೂ ಮಗಳ ಕಡೆ ನೋಡಲಿಲ್ಲ.

ಮನೆಯ ಮುಂದೆ ಚಪ್ಪಲಿಗಳ ರಾಶಿಯಿತ್ತು. ಅದನ್ನು ಕಂಡಾಗಲೇ ಗೊತ್ತಾಯಿತು.

"ಅಪಾ ಹೋಗಿ ಇಪ್ಪತ್ತು ನಿಮಿಷ ಆಯ್ತು," ಎಂದ ಆಫ್ರಿಜಾಲ್, ಮೆಟ್ಟಿಲ ಮೇಲೆಯೇ ಅಡ್ಡ ನಿಂತು. "ಬರೀ ಇಪ್ಪತ್ತು ನಿಮಿಷ. ಒಂದು ಟೈರು ಬದಲಿಸೋಕೆ ಎಷ್ಟು ಹೊತ್ತು ಬೇಕು ಉನಿ? ಟೈರಿನೋನ ಮಗಳಲ್ವ ನೀನು?"

ಯುಸ್ನಿದಾರ್ ಬಾಗಿ ಚಪ್ಪಲಿ ಕಳಚಿದಳು.

"ನನ್ನಿಂದ ಮಾಮಾ," ಎಂದಳು ಫಿತ್ರಾ. "ಹಲಗೆ ಬೇಡ ಅಂದೋಳು ನಾನು. ಕಾರು ಬಿತ್ತು. ಅಮಾ ಕೈ ಅದರಡೀಲಿತ್ತು."

ಆಫ್ರಿಜಾಲ್ ಅಕ್ಕನ ಕೈ ನೋಡಿ ದಾರಿ ಬಿಟ್ಟ.

ಒಳಗೆ ತಾಯಿ ರೋಸ್ಮಾನಿ ಗಂಡನ ತಲೆಯ ಬಳಿ ಕುಳಿತಿದ್ದಳು. ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಮೆಲ್ಲಗೆ ಹೇಳಿದಳು. "ನೀನೆಲ್ಲಿ ಅಂತ ಕೇಳಿದ್ರು. ಟೈರು ಬದಲಿಸ್ತಿದಾಳೆ ಅಂದೆ. ಹಾಗಾದ್ರೆ ಹೊತ್ತಾಗುತ್ತೆ, ಅವಳಿಗೆ ಫೋನು ಮಾಡ್ಬೇಡಿ, ಮಾಡಿದ್ರೆ ಅವಸರ ಮಾಡ್ತಾಳೆ ಅಂದ್ರು. ಆಮೇಲೆ ಮಾತಾಡಲಿಲ್ಲ."

ಅಪ್ಪನ ಕೆನ್ನೆ ಮುಟ್ಟಲು ಯುಸ್ನಿದಾರ್ ಕೈ ಚಾಚಿದಳು. ಬೆರಳೆಲ್ಲ ಕರಿ ಗ್ರೀಸು. ನೆರೆಯ ಹೆಂಗಸೊಬ್ಬಳು, "ತೊಳ್ಕೊಂಡು ಬಾರೇ," ಎಂದಳು. ಹಿತ್ತಲಲ್ಲಿ ಬಟ್ಟೆ ಸೋಪು ಹಚ್ಚಿ ಉಜ್ಜಿ ಉಜ್ಜಿ, ಗ್ರೀಸು ಹೋಗದೆ, ಹಾಗೇ ಓಡಿಬಂದಳು. ಅಷ್ಟರಲ್ಲಿ ಗಂಡಸರು ಅಪ್ಪನನ್ನು ಕೊನೆಯ ಸ್ನಾನಕ್ಕೆ ಎತ್ತಿಕೊಂಡು ಹೋಗಿದ್ದರು.

ಬಿಳಿ ಬಟ್ಟೆ ಸುತ್ತಿದ ಮೇಲೆ, ಮುಖ ಮುಚ್ಚುವ ಮುನ್ನ, ಬಾಗಿ ಹಣೆಗೆ ಮುತ್ತಿಟ್ಟಳು. ಫಿತ್ರಾಳೂ ಇಟ್ಟಳು. ಸಂಜೆಯ ನಮಾಜಿನ ಹೊತ್ತಿಗೆ ಮಣ್ಣು ಮಾಡಿ ಬಂದರು.

ನೆರೆಯವರು ತಂದಿಟ್ಟ ಅನ್ನ ಆರಿಹೋಗುತ್ತಿತ್ತು. ಆಫ್ರಿಜಾಲ್ ಬಂದು ಅಕ್ಕನ ಎದುರು ನೆಲದಲ್ಲಿ ಕುಳಿತ. "ಹೊಟ್ಟೆ ಉರೀತಿತ್ತು, ಏನೇನೋ ಅಂದೆ," ಎಂದ.

"ಅನ್ನು," ಎಂದಳು ಯುಸ್ನಿದಾರ್. "ತಡ ಮಾಡ್ದೆ ಅಂತ ನಂಗೂ ಅನ್ನಿಸ್ತಿದೆ."

ಫಿತ್ರಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬರುವ ಧೈರ್ಯ ಅವಳಿಗಿರಲಿಲ್ಲ. ಯುಸ್ನಿದಾರ್ ಕೈಚಾಚಿ, "ಬಾ, ಎರಡು ತುತ್ತು ತಿನ್ನು," ಎಂದಳು. ಹುಡುಗಿ ಬಂದು ತಾಯಿಯ ಮಡಿಲಲ್ಲಿ ಮುಖ ಹುದುಗಿಸಿ ಬಿಕ್ಕತೊಡಗಿದಳು. ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದ ಯುಸ್ನಿದಾರ್ ಆಗ ಅತ್ತಳು.