ಖಾಲಿ ಪೀಪಾಯಿಯ ದೋಣಿ

ದೋಣಿ ನೀರಿಗಿಳಿಯುವ ಮೊದಲೇ ತಿಮ್ಮವ್ವನ ತಲೆ ಕೆಟ್ಟು ಕೆರ ಹಿಡಿದಿತ್ತು. ನಾದಿನಿ ಸುಗಲಮ್ಮನ ಪೂಜೆ ಮುಗಿಯುವ ಲಕ್ಷಣವೇ ಇರಲಿಲ್ಲ. ಅರಿಶಿನ ಆಯಿತು, ಕುಂಕುಮ ಆಯಿತು, ಕಾಯಿ ಒಡೆದದ್ದಾಯಿತು. ಈಗ ಮತ್ತೆ ಕೊಡ ಹಿಡಿದು ದೋಣಿಯ ಮೇಲೆ ಅದೇನೋ ಬಗ್ಗಿ ಬಗ್ಗಿ ಮಾಡುತ್ತಿದ್ದಾಳೆ.

“ಯಕ್ಕಾ, ಸಾಕ್ ಮಾಡು. ಹೊತ್ತು ಏರಾಕತ್ತದ. ಆ ದಂಡಿಗಿ ಹುಡುಗಿ ಬಿಸಲಾಗ ನಿಂತಿರ್ತಾಳ.”

“ನಿಂದೊಂದು ಗಡಿಬಿಡಿ! ಹೊಸಾದು ಅದ. ಮಾಡೋದು ಮಾಡಬೇಕು.”

ಹುಡುಗಿ ಎಂದರೆ ತಿಮ್ಮವ್ವನ ಒಬ್ಬಳೇ ಮಗಳು ದೇವಕಮ್ಮ. ಏಳು ತಿಂಗಳ ಬಸುರಿ. ಕೊಟ್ಟ ಊರು ಎದುರಿಗೇ ಕಾಣುತ್ತದೆ. ಆದರೆ ಕಾಲುವೆಗೆಂದು ಅಣೆಕಟ್ಟು ಕಟ್ಟಿದ ಮೇಲೆ ನಡುವಿನ ಹಾದಿಯನ್ನು ಹಿನ್ನೀರು ನುಂಗಿತು. ಈಗ ಸುರಪುರಕ್ಕೆ ಹೋಗಿ, ಬಸ್ಸು ಬದಲಿಸಿ, ಆಮೇಲೆ ತಗ್ಗುದಿನ್ನೆಯ ಹಾದಿಯಲ್ಲಿ ಜೀಪು ಹಿಡಿಯಬೇಕು. ಮೊದಲ ಬಸಿರಿನಲ್ಲಿ ಮಗಳನ್ನು ಹಾಗೆಯೇ ಕರೆತಂದಿದ್ದರು. ಮನೆ ಮುಟ್ಟಿದ ಮರುದಿನವೇ ಹೊಟ್ಟೆಯಲ್ಲಿದ್ದ ಕೂಸು ಹೋಯಿತು. ಹಾದಿಯ ಕುಲುಕಾಟವೋ ಮತ್ತೇನೋ, ಯಾರಿಗೆ ಗೊತ್ತು? ಇನ್ನೊಮ್ಮೆ ಮಗಳನ್ನು ಆ ಜೀಪಿಗೆ ಹತ್ತಿಸುವುದಿಲ್ಲ ಎಂದು ತಿಮ್ಮವ್ವ ಹಟ ಹಿಡಿದಳು. ನೀರು ದಾಟಿಸುವ ಹರಗೋಲು ಬುಗುರಿಯ ಹಾಗೆ ತಿರುಗುತ್ತದೆ, ಅದೂ ಬೇಡ.

ಕೊನೆಗೆ ಟೈರಿನ ಬಂಡಿ ಮಾಡುವ ಮಕ್ತುಮಸಾಬನ ಬೆನ್ನು ಹತ್ತಿದಳು. ಅವನು ಕಾಲುವೆ ಕೆಲಸದವರು ಬಿಟ್ಟುಹೋದ ಡಾಂಬರಿನ ಪೀಪಾಯಿಗಳನ್ನು ತಂದು, ಎರಡು ಸಾಲು ಮಾಡಿ, ಕಬ್ಬಿಣದ ಪಟ್ಟಿ ಬೆಸೆದು, ಮೇಲೆ ಹಲಗೆ ಹೊಡೆದ. “ಕುಂತವರ ಕೈಯಾಗಿನ ಚಾ ಸೈತ ಚೆಲ್ಲಂಗಿಲ್ಲ, ಯಕ್ಕಾ,” ಎಂದಿದ್ದ. ಇವತ್ತು ಸೀಮಂತದ ಕುಬಸಕ್ಕೆ ಬುತ್ತಿ ಒಯ್ದು, ಉಡಿ ತುಂಬಿ, ಇದೇ ದೋಣಿಯಲ್ಲಿ ಮಗಳನ್ನು ತವರಿಗೆ ತರಬೇಕು. ತಿಮ್ಮವ್ವನ ಜೀವವೆಲ್ಲ ಅದರಲ್ಲೇ ಇತ್ತು.

ಅಂತೂ ಇಂತೂ ಹೊರಟರು. ಮಕ್ತುಮಸಾಬ ಹುಟ್ಟು ಹಾಕತೊಡಗಿದ. ನಡುನೀರಿಗೆ ಬರುವಷ್ಟರಲ್ಲಿ ಹೋಳಿಗೆಯ ಬುಟ್ಟಿ ತಾನಾಗಿಯೇ ಎಡಕ್ಕೆ ಜಾರಿತು.

“ಇದೇನೋ ಮಕ್ತುಮಾ?”

“ನೀವಿಬ್ರೂ ಒಂದ ಕಡಿ ಕುಂತೀರಿ, ಅದಕ್ಕ. ಈ ಕಡಿ ಸರೀರಿ.”

ಸರಿದರು. ಬುಟ್ಟಿಯನ್ನೂ ಎಳೆದುಕೊಂಡರು. ದೋಣಿ ಕೇಳಬೇಕಲ್ಲ! ಎಡಕ್ಕೇ ವಾಲುತ್ತ ಹೋಯಿತು. ನೀರು ಹಲಗೆಗೆ ಬಂದು ತಿಮ್ಮವ್ವನ ಸೀರೆಯ ಅಂಚು ತೊಯ್ದಿತು.

“ಚಾ ಚೆಲ್ಲಂಗಿಲ್ಲ ಅಂದಿದ್ದೆಲ್ಲೋ! ಇಲ್ಲಿ ನಾವ ಚೆಲ್ಲಾಕತ್ತೇವಿ! ಬಂಡಿ ಮಾಡಾವನಿಗಿ ದೋಣಿ ಮಾಡು ಅಂದೆನಲ್ಲ, ನನ್ನ ಬುದ್ಧಿಗಿ ಏನ್ ಹೇಳ್ಲಿ!”

“ನಿನ್ನಿ ನೀರಿಗಿ ಬಿಟ್ಟು ನೋಡೀನಿ, ಯಕ್ಕಾ! ಖುದಾನ ಆಣಿ, ಅಂಗಳದಂಗ ಸಮ ಇತ್ತು!”

ಆಗ ಕಾಲ ಕೆಳಗೆ ಗುಳುಗುಳು ಸದ್ದಾಯಿತು. ಮಕ್ತುಮಸಾಬ ಹುಟ್ಟು ನಿಲ್ಲಿಸಿ ಕಿವಿಗೊಟ್ಟ. ಸುಗಲಮ್ಮ ಎಲೆ ಅಡಿಕೆ ಅಗಿಯುತ್ತ, “ಒಳಗ ನೀರ ಅದಲ್ಲ, ಅದರ ಸಪ್ಪಳ,” ಎಂದಳು.

“ಎಂಥಾ ನೀರು?” ಇಬ್ಬರೂ ಒಟ್ಟಿಗೇ ಕೇಳಿದರು.

“ನಾನ ಹಾಕೀನಿ. ಪೀಪಾಯಿಗಿ ಒಂದೊಂದು ಕೊಡ. ಬಸುರಿ ಹೆಣ್ಮಗಳ ಎದುರಿಗಿ ಯಾರರ ಖಾಲಿ ಕೊಡ ಒಯ್ತಾರೇನು? ಇಷ್ಟಿಷ್ಟು ದೊಡ್ಡ ಪೀಪಾಯಿ, ಎಲ್ಲಾ ಖಾಲಿ! ಒಂದ ಸಲ ಆಗಿದ್ದು ಸಾಲ್ದೇನು?”

ಮಕ್ತುಮಸಾಬ ಹಣೆ ಹಣೆ ಬಡಿದುಕೊಂಡ. “ಖಾಲಿ ಇದ್ರೇ ತೇಲ್ತದ, ಯವ್ವಾ! ಬಿರಡಿ ತಿರುವಿ ಹಾಕೀ ಇಲ್ಲೋ?”

“ಹಾಕೀನಿ. ಒಂದರದು ಆಮ್ಯಾಲ ಹಾಕಿದ್ರಾತು ಅಂತ...” ಸುಗಲಮ್ಮ ಸೆರಗಿನ ಗಂಟು ಬಿಚ್ಚಿದಳು. ಅಡಿಕೆ ಚೂರಿನ ನಡುವೆ ಕಬ್ಬಿಣದ ಬಿರಡೆ ಕೂತಿತ್ತು.

ನಾದಿನಿಯನ್ನು ಎತ್ತಿ ನೀರಿಗೆ ಎಸೆಯಬೇಕೆನ್ನುವಷ್ಟು ಸಿಟ್ಟು ಬಂತು ತಿಮ್ಮವ್ವನಿಗೆ. ಮಕ್ತುಮಸಾಬ ಬೋರಲು ಮಲಗಿ, ನೀರೊಳಗೆ ಕೈ ತೂರಿಸಿ, ಬಾಯಿಗೆ ಬಂದದ್ದನ್ನೆಲ್ಲ ಉರ್ದುವಿನಲ್ಲಿ ಬೈಯುತ್ತ ಬಿರಡೆ ತಿರುವಿದ. ದೋಣಿ ಕುಂಟುತ್ತ ಕುಂಟುತ್ತ ಆಚೆ ದಂಡೆ ಮುಟ್ಟಿತು.

ಬೀಗರ ಮನೆಯಲ್ಲಿ ಕುಬಸ ಮುಗಿಸಿ ಬರುವಷ್ಟರಲ್ಲಿ ಅವನು ದೋಣಿಯನ್ನು ದಂಡೆಗೆಳೆದು, ವಾಲಿಸಿ, ಪೀಪಾಯಿಗಳನ್ನೆಲ್ಲ ಬರಿದು ಮಾಡಿದ್ದ. ದೋಣಿ ಈಗ ನೀರಿನ ಮೇಲೆ ನೆಟ್ಟಗೆ ನಿಂತಿತ್ತು. ಹಸಿರು ಸೀರೆಯ ದೇವಕಮ್ಮ ಕಾಲಿಡಬೇಕು, ಸುಗಲಮ್ಮ ಅಡ್ಡ ಬಂದಳು.

“ಒಂದೊಂದು ಚೆಂಬು ನೀರರ ಹಾಕ್ರಿ. ಖಾಲಿ ಪೀಪಾಯಿ ಮ್ಯಾಲ ನನ್ನ ಸೋದರ ಸೊಸಿನ ಕುಂದ್ರಸಂಗಿಲ್ಲ.”

“ಯಕ್ಕಾ, ನಿನಗ ಕೈ ಮುಗಿತೀನಿ!” ತಿಮ್ಮವ್ವ ಚೀರಿದಳು. ಚೀರಿದಳೇನೋ ಸರಿ, ಆದರೆ ಮಗಳ ಕೈ ಬಿಡಲಾಗಲಿಲ್ಲ. ಹೋದ ಸಲವೂ ಯಾರಾದರೂ ಖಾಲಿ ಕೊಡ ಎದುರು ತಂದಿದ್ದರೇ? ನೆನಪಾಗಲಿಲ್ಲ. ಸುಡುಗಾಡು ಅನುಮಾನ, ಒಮ್ಮೆ ಹೊಕ್ಕರೆ ಹೋಗಬೇಕಲ್ಲ!

ದೇವಕಮ್ಮ ಅವ್ವನ ಮುಖ ನೋಡಿದಳು, ಸೋದರತ್ತೆಯ ಮುಖ ನೋಡಿದಳು. ಕೈ ಬಿಡಿಸಿಕೊಂಡು ತಾನೇ ಹೋಗಿ ಹಲಗೆಯ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತಳು.

“ಅತ್ತಿ, ನಾ ಕುಂತ ಮ್ಯಾಲ ಇದು ಖಾಲಿ ಹೆಂಗಾಗ್ತದ?”

ಸುಗಲಮ್ಮ ಸೆರಗು ಸಿಕ್ಕಿಸಿಕೊಂಡು ಸೋದರ ಸೊಸೆಯ ಪಕ್ಕದಲ್ಲೇ ಕೂತು, ಅವಳ ಹೊಟ್ಟೆಯ ಮೇಲೆ ಕೈಯಿಟ್ಟಳು. ತಿಮ್ಮವ್ವ ಹತ್ತಿದಳು. ಮಕ್ತುಮಸಾಬ ಹುಟ್ಟು ಎತ್ತಿದ್ದೇ ತಡ, ಸುಗಲಮ್ಮ ಗದರಿಸಿದಳು:

“ಏ ಮಕ್ತುಮಾ, ಸಾವಕಾಶ! ತುಂಬಿದ ದೋಣಿ ಅದ.”