ಕೋಳಿಗೂಡಿನ ಮೇಲಿನ ನಂಬರು

ಪೊಟ್ಟಣದ ಮೇಲೆ ಔಷಧಿ ಅಂಗಡಿಯ ಹೆಸರಿತ್ತೇ? ಇತ್ತೆಂದೇ ಅನಿಸಿತು ವೆಂಡಲ್‌ಗೆ. ಇಲ್ಲ, ಬರೀ ನೀಲಿ ಗೆರೆಯಿತ್ತು. ಹೆಸರು ಓದಿದ ನೆನಪಿಲ್ಲ. ಓದಿದ್ದು ವಿಳಾಸದ ಕೊನೆಯಲ್ಲಿದ್ದ ಐದಂಕಿಯ ಅಂಚೆ ಸಂಖ್ಯೆ ಮಾತ್ರ. ಅದು ಕಣ್ಣಿಗೆ ಬಿದ್ದರೆ ಈಚೆಗೆ ಅವನಿಗೆ ಬೇರೇನೂ ಕಾಣುತ್ತಿರಲಿಲ್ಲ.

"ಸಿಕ್ತಾ?" ಜಗಲಿಯಿಂದ ಹೆಂಡತಿ ನೋರೀನ್ ಕೇಳಿದಳು. ಧ್ವನಿ ಆಗಲೇ ದಪ್ಪಗಾಗಿತ್ತು.

"ಹುಡುಕ್ತಿದೀನಿ."

ಸೌದೆ ರಾಶಿಯಡಿ ಕಡಜ ಗೂಡು ಕಟ್ಟಿದ್ದು ಇಬ್ಬರಿಗೂ ತಿಳಿದಿರಲಿಲ್ಲ; ಈಗಷ್ಟೇ ಸೌದೆ ತರಲು ಹೋದ ಅವಳಿಗೆ ಕಚ್ಚಿತ್ತು. ಹೋದ ಬೇಸಿಗೆಯಲ್ಲಿ ಒಂದೇ ಹುಳ ಕಚ್ಚಿದ್ದಕ್ಕೆ ಅವಳ ಉಸಿರು ಕಟ್ಟಿ, ಮನೆಯಲ್ಲಿದ್ದ ಸೂಜಿಮದ್ದು ಖರ್ಚಾಗಿತ್ತು. ಹೊಸದನ್ನು ಅಂಚೆಯಲ್ಲಿ ಕಳಿಸುತ್ತೇವೆ ಎಂದಿದ್ದರು ಔಷಧಿ ಅಂಗಡಿಯವರು. ವೆಂಡಲ್ ಖಾನೆಗಳನ್ನು ಒಂದೊಂದಾಗಿ ಎಳೆದು ಚಮಚ, ದಾರ, ಬ್ಯಾಟರಿಗಳನ್ನು ಕೆದಕುತ್ತಿದ್ದ. ಇಲ್ಲವೆಂದು ಗೊತ್ತಿದ್ದೇ ಹುಡುಕುತ್ತಿದ್ದ.

ದನದ ಮೇವಿನ ಅಂಗಡಿಯ ಹಿಂಕೋಣೆಯಲ್ಲಿ ಹಾರ್ಲನ್ ಎಂಬವನು ಶನಿವಾರಗಳಂದು ವೆಂಡಲ್‌ನಂಥವರಿಗೆ ಪಾಠ ಹೇಳುತ್ತಿದ್ದ. "ಆ ಐದಂಕಿ ಇದೆಯಲ್ಲ, ಅದು ಹಗ್ಗ ಕಣ್ರಯ್ಯಾ. ಅದಿರೋ ಕಾಗದ ಕೈಗೆ ತಗೊಂಡ್ರಿ ಅಂದ್ರೆ, ನಾನು ವಾಷಿಂಗ್ಟನ್ ಸರ್ಕಾರದ ಗಡಿಯೊಳಗಿನವನು ಅಂತ ಒಪ್ಕೊಂಡ ಹಾಗೆ. ಆಮೇಲೆ ನೆಲ ನಿಮ್ಮದಲ್ಲ, ಮೈಯೂ ನಿಮ್ಮದಲ್ಲ." ಮೊಂಟಾನಾದ ಆ ಕಣಿವೆಯಲ್ಲಿ ನೆಲ ಕಳೆದುಕೊಂಡವರನ್ನು ವೆಂಡಲ್ ಕಣ್ಣಾರೆ ಕಂಡಿದ್ದ. ಹೆದರಿದವನಿಗೆ ಕಾರಣ ಸಿಕ್ಕಿದ್ದೇ ದೊಡ್ಡ ಸಮಾಧಾನವಾಗಿತ್ತು. ಅಂದಿನಿಂದ ಐದಂಕಿಯಿದ್ದ ಟಪಾಲನ್ನೆಲ್ಲ ಬಿಚ್ಚದೆ, ಕೆಂಪು ಪೆನ್ಸಿಲಿನಲ್ಲಿ 'ಒಪ್ಪಿಲ್ಲ' ಎಂದು ಬರೆದು ಅಂಚೆಯವರು ವಾಪಸು ಒಯ್ಯಲೆಂದು ಟಪಾಲು ಡಬ್ಬಿಗೇ ಮರಳಿ ಹಾಕುತ್ತಿದ್ದ. ಮನೆದಾರಿಯ ಬಾಯಲ್ಲಿ ಜಿಲ್ಲಾ ಕಚೇರಿಯವರು ನೆಟ್ಟಿದ್ದ ಮನೆ ನಂಬರಿನ ಹಸಿರು ಫಲಕವನ್ನೂ ಕಿತ್ತು ಕೋಳಿಗೂಡಿನ ತೂತು ಮುಚ್ಚಲು ಮೊಳೆ ಹೊಡೆದಿದ್ದ.

"ಒಳ್ಳೇದಾಯ್ತು ಬಿಡು," ಎಂದು ನೋರೀನ್ ಆ ದಿನ ನಕ್ಕಿದ್ದಳು. "ಇನ್ನು ಕೋಳಿಗಳೇ ಸರ್ಕಾರದ ಪ್ರಜೆಗಳು. ತೆರಿಗೆನ ಮೊಟ್ಟೇಲಿ ಕಟ್ಲಿ."

ಈಗ ಅವಳು ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ತುಟಿ ಊದಿ ಮುಖವೇ ಬೇರೆಯಾಗಿತ್ತು. ಉಸಿರಾಡಿದಾಗ ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡಂತೆ ಸದ್ದಾಗುತ್ತಿತ್ತು. ವೆಂಡಲ್ ಆಂಬುಲೆನ್ಸ್‌ಗೆ ಫೋನ್ ಮಾಡಿ, ಹೆಂಡತಿಗೆ ಕಡಜ ಕಚ್ಚಿದೆ ಎಂದ.

"ಮನೆ ನಂಬರ್ ಹೇಳಿ ಸರ್," ಎಂದಳು ಆ ಕಡೆಯ ಹುಡುಗಿ.

ನಾಲಿಗೆಗೆ ಹಾರ್ಲನ್ ಕಲಿಸಿದ್ದೇ ಬಂತು. "ನಾನು ಯಾವ ಜಿಲ್ಲೆಗೂ ಸೇರದ ಸ್ವತಂತ್ರ ನೆಲದಲ್ಲಿ, ಹೊಳೆ ಹತ್ರ…"

"ಸರ್, ಅದೆಲ್ಲ ಬೇಡ. ನಿಮ್ಮ ಫೋನು ಎಲ್ಲಿದೆ ಅಂತ ನಂಗೆ ಸರಿಯಾಗಿ ತೋರಿಸ್ತಿಲ್ಲ. ಗುಡ್ಡದ ಈ ಕಡೆನೋ ಆ ಕಡೆನೋ?"

"ಈ ಕಡೆ. ಹೊಳೆ ರಸ್ತೆ."

"ಅಲ್ಲಿ ಬೇಕಾದಷ್ಟು ಗೇಟಿವೆ. ನಂಬರು ಹೇಳಿ ಸರ್."

ನಂಬರು ಬಾಯಲ್ಲೇ ಇತ್ತು. ಒಮ್ಮೆ ಹೌದೆಂದರೆ ಸಾಕು, ಹಾರ್ಲನ್ ಹೇಳಿದ್ದ, ಅಧಿಕಾರಿಗಳು ಕಾಗದ ಹಿಡಿದು ಬಂದೇ ಬರುತ್ತಾರೆ. ವೆಂಡಲ್ ಬಾಯಿ ತೆರೆದ. ನಂಬರು ಹೊರಬರಲಿಲ್ಲ. ಪಕ್ಕದಲ್ಲಿ ನೋರೀನಳ ಉಸಿರಿನ ಸದ್ದು ತೆಳ್ಳಗಾಗುತ್ತಿರುವುದು ಕೇಳಿಸಿತು.

"ಸರ್? ಗಾಡಿ ಹೊರಟಿದೆ. ಲೈನಲ್ಲಿದೀರಾ?"

ಫೋನನ್ನು ನೋರೀನಳ ಮಡಿಲಲ್ಲಿಟ್ಟು ಅವನು ಕೋಳಿಗೂಡಿಗೆ ಓಡಿದ. ಫಲಕವನ್ನು ಬರಿಗೈಯಲ್ಲಿ ಕಿತ್ತ. ಮೊಳೆ ಅಂಗೈ ಸೀಳಿತು. ಸೈರನ್ನು ರಸ್ತೆಯ ಮೇಲೆ ಹತ್ತಿರ ಬಂದು, ನಿಲ್ಲದೆ ದಾಟಿ, ಗುಡ್ಡದ ತಿರುವಿನಲ್ಲಿ ಸಣ್ಣದಾಯಿತು. ಅವನು ದಾರಿಯ ಬಾಯಿಗೆ ಓಡಿ, ಹೇಳಲಾಗದ್ದನ್ನು ಎದೆಗೆ ಹಿಡಿದು ನಿಂತ. ಕೋಳಿಗಳು ಹಿಂದೆಯೇ ಹೊರಬಂದು ಜಲ್ಲಿಯಲ್ಲಿ ಕೆದಕತೊಡಗಿದವು. ಜಗಲಿಯ ಕಡೆ ತಿರುಗಿ ನೋಡಲು ಅವನಿಗೆ ಧೈರ್ಯವಾಗಲಿಲ್ಲ.

ಸೈರನ್ನು ಮರಳಿ ಬಂತು. ಗಾಡಿ ನಡೆಸುತ್ತಿದ್ದ ಮುದುಕ ಕಿಟಕಿಯಿಂದ ತಲೆ ಹಾಕಿದ. "ಇದನ್ನ ನೆಲದಲ್ಲಿ ನೆಡ್ತಾರೆ ಕಣೋ ಮಾರಾಯ. ಎಲ್ಲವ್ಳೆ ಅವಳು?"

ನೋರೀನ್ ಬದುಕುಳಿದಳು. ಸಂಜೆ ಆಸ್ಪತ್ರೆಯಲ್ಲಿ ಕಣ್ಣು ಅರ್ಧ ತೆರೆದು ಅವನ ಕೈಗೆ ಸುತ್ತಿದ ಬಟ್ಟೆಯನ್ನು ಸವರಿದಳು.

"ಔಷಧಿ ಕಳಿಸ್ತೀವಿ ಅಂದವರು ಕಳಿಸ್ಲೇ ಇಲ್ಲ ನೋಡು," ಎಂದಳು. "ನಿನ್ನ ಹಾರ್ಲನ್ ಬರೀ ಹುಚ್ಚ ಅಂದ್ಕೊಂಡಿದ್ದೆ. ಅಂಚೆಯವರನ್ನ ನಂಬಬೇಡಿ ಅನ್ನೋದು ಸರಿನೇ ಅನ್ಸುತ್ತೆ."

ವೆಂಡಲ್ ಅವಳ ಹೊದಿಕೆಯನ್ನು ಭುಜದವರೆಗೆ ಎಳೆದ.

"ಇನ್ನೊಂದು ಕಳಿಸ್ತಾರಂತೆ. ನೀನೇ ಡಬ್ಬಿ ನೋಡ್ತಿರು, ಆಯ್ತಾ? ನಂಗೆ ಭಯ ಆಗುತ್ತೆ."

ಅವನು ತಲೆಯಾಡಿಸಿದ. ಪೊಟ್ಟಣ ವಸಂತದಲ್ಲೇ ಬಂದಿತ್ತೆಂದು, ತಾನೇ ಅದನ್ನು ಮರಳಿ ಡಬ್ಬಿಗೆ ಹಾಕಿದ್ದನೆಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.